ಆಪದ್ಧನದ ಲೆಕ್ಕ ವೀಸಾದಿಂದ ಶುರುವಾಗಲಿ

ಕಷ್ಟಕಾಲಕ್ಕೆ ಎಷ್ಟು ಎತ್ತಿಟ್ಟರೆ ಸಾಕು ಎಂದು ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲೂ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲೂ ನಮ್ಮ ಹುಡುಗ ಹುಡುಗಿಯರು ಕೇಳುತ್ತಾರೆ. ಮೂರು ತಿಂಗಳ ಖರ್ಚು ಎನ್ನುತ್ತದೆ ಸರ್ಕಾರದ ಮನಿಸ್ಮಾರ್ಟ್. ಕೆಲಸ ಹೋದಾಗ ಸೆಂಟರ್‌ಲಿಂಕ್ ಕೈಹಿಡಿಯುವವರಿಗೆ ಆ ಲೆಕ್ಕ ಸರಿ. ನಿಮ್ಮಲ್ಲಿ ಅನೇಕರಿಗೆ ಆ ಆಸರೆ ಇಲ್ಲ, ಮಕ್ಕಳೇ. ಪಿಆರ್ ಸಿಕ್ಕ ಮೇಲೂ ನಿರುದ್ಯೋಗ ಭತ್ಯೆಗೆ ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. 482 ವೀಸಾದವರಿಗೂ ವಿದ್ಯಾರ್ಥಿಗಳಿಗೂ ಅದು ಸಿಗುವುದೇ ಇಲ್ಲ.

2020ರ ಕೊರೊನಾ ಕಾಲ ನೆನಪಿದೆಯೇ? ಮಾರ್ಚ್ ಕೊನೆಗೆ ಸರ್ಕಾರ ಜಾಬ್‌ಕೀಪರ್ ಎಂಬ ಸಂಬಳದ ನೆರವು ಘೋಷಿಸಿತು, ಎರಡು ವಾರಕ್ಕೆ 1,500 ಡಾಲರ್. ತಾತ್ಕಾಲಿಕ ವೀಸಾದವರಲ್ಲಿ ನ್ಯೂಜಿಲೆಂಡಿನವರನ್ನು ಬಿಟ್ಟರೆ ಉಳಿದವರು ಅದರ ಹೊರಗೆ. ಏಪ್ರಿಲ್ 3ರಂದು ಪ್ರಧಾನಿ ಸ್ಕಾಟ್ ಮಾರಿಸನ್, ತಮ್ಮನ್ನು ತಾವು ನೋಡಿಕೊಳ್ಳಲಾಗದ ಇಂಥವರು ಸ್ವದೇಶಕ್ಕೆ ಮರಳಲಿ ಎಂಬ ಅರ್ಥದ ಮಾತಾಡಿದರು. ಮರಳುವುದಾದರೂ ಹೇಗೆ? ಭಾರತಕ್ಕೆ ಮಾಮೂಲಿ ವಿಮಾನಗಳು ಮಾರ್ಚ್‌ನಲ್ಲೇ ನಿಂತಿದ್ದವು. ಮೆಲ್ಬರ್ನ್‌ನಲ್ಲಿ ಸಿಖ್ ಸ್ವಯಂಸೇವಕರು ವ್ಯಾನಿನಲ್ಲಿ ತಂದ ಬಿಸಿ ಊಟವೇ ಎಷ್ಟೋ ವಿದ್ಯಾರ್ಥಿಗಳಿಗೆ ಆಧಾರವಾಯಿತು. ಅವರ ಋಣ ದೊಡ್ಡದು.

ಹಾಗಾಗಿ ಮೊದಲು ವೀಸಾ ನೋಡಿಕೊಳ್ಳಿ. 482ರಲ್ಲಿ ಇರುವವರು ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು 2024ರ ಜುಲೈ 1ರಿಂದ ಒಮ್ಮೆಗೆ 180 ದಿನ ಸಿಗುತ್ತದೆ. ಮುಂಚೆ 60 ದಿನವಿತ್ತು. ಕಾನೂನು ಅಷ್ಟು ದಿನ ಇರಲು ಬಿಡುತ್ತದೆ ಸರಿ, ಅಷ್ಟೂ ದಿನದ ಬಾಡಿಗೆ ಯಾರು ಕಟ್ಟುತ್ತಾರೆ? ನಿಮ್ಮ ಗುರಿ ಆ 180 ದಿನ, ಅಂದರೆ ಸುಮಾರು 26 ವಾರ. ಇಲ್ಲಿ ಬಾಡಿಗೆ ವಾರದ ಲೆಕ್ಕ, ಉಳಿದದ್ದನ್ನೂ ವಾರದಲ್ಲೇ ಎಣಿಸಿ. ಮೂರು ತಿಂಗಳೆಂದರೆ 12 ವಾರವಲ್ಲ, 13. ಬಾಡಿಗೆ, ದಿನಸಿ, ಕರೆಂಟು, ಕಾರು, ವಿಮೆ ಸೇರಿ ತಪ್ಪಿಸಲಾಗದ ಖರ್ಚು ವಾರಕ್ಕೆ 1,100 ಡಾಲರ್ ಎಂದಿಟ್ಟುಕೊಳ್ಳಿ. 13 ವಾರಕ್ಕೆ 14,300, 26 ವಾರಕ್ಕೆ 28,600. ಗಾಬರಿ ಬೇಡ, ಒಂದೇ ವರ್ಷದಲ್ಲಿ ಕೂಡಿಸಬೇಕೆಂದಿಲ್ಲ. ಪೌರತ್ವ ಸಿಕ್ಕಿ, ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಡೆ ದುಡಿಯುತ್ತಿದ್ದರೆ 13 ವಾರವೇ ಸಾಕು. ಇಬ್ಬರೂ ಒಂದೇ ಕಂಪನಿಯಲ್ಲಿದ್ದರೆ ಸಾಲದು. ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲವೆಂದರೆ ಇನ್ನೂ ಎಚ್ಚರ: ಹುದ್ದೆ ರದ್ದಾದರೆ ಕಾನೂನಿನ ಪರಿಹಾರವಿಲ್ಲ, ನೋಟಿಸು ಕನಿಷ್ಠ ಒಂದೇ ವಾರ.

ಇದರ ಮೇಲೆ ಊರಿನ ಗಂಟು ಬೇರೆ ಇರಲಿ. ಇದನ್ನು ಇಲ್ಲಿನ ಯಾವ ಪುಸ್ತಕವೂ ನಿಮಗೆ ಹೇಳಿಕೊಡುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಹುಷಾರಿಲ್ಲವೆಂದು ಮೈಸೂರಿನಿಂದ ರಾತ್ರಿ ಫೋನ್ ಬಂದರೆ ಬೆಳಗಿನ ಟಿಕೆಟ್ಟಿಗೆ ಕೇಳಿದಷ್ಟು ಕೊಡಬೇಕು, ಆಸ್ಪತ್ರೆಯ ಮುಂಗಡವನ್ನೂ ಕಟ್ಟಬೇಕು. ಹೆತ್ತವರು ತೀರಿಕೊಂಡರೆ ಕಾನೂನು ಖಾತರಿ ಕೊಡುವ ಶೋಕದ ರಜೆ ಎರಡೇ ದಿನ. ವೈಕುಂಠ ಸಮಾರಾಧನೆಯವರೆಗಾದರೂ ಅಲ್ಲಿ ಇರಬೇಡವೇ? ಸಂಬಳವಿಲ್ಲದ ಆ ವಾರಗಳಿಗೂ ಸೇರಿಸಿ ಎತ್ತಿಡಿ. ಹಣ ಸಾಲದೆ ಕೊನೆಯ ಮುಖ ನೋಡಲಾಗಲಿಲ್ಲ ಎಂಬ ಕೊರಗು ನಿಮಗ್ಯಾರಿಗೂ ಬಾರದಿರಲಿ.

ಬೆಂಗಳೂರಿನ ಸೈಟು, ಲಾಕರಿನ ಒಡವೆ, ಗೆಳೆಯನಿಗೆ ಕೊಟ್ಟ ಕೈಸಾಲ ಆಪತ್ತಿನ ದಿನ ಕೈಗೆ ಸಿಗುವುದಿಲ್ಲ. ಸೂಪರ್ ಹಣವೂ ಹಾಗೇ, ಸುಲಭಕ್ಕೆ ಬಿಡಿಸಲಾಗದು. ಬಾಡಿಗೆ ಮನೆಯಲ್ಲಿದ್ದರೆ ಉಳಿತಾಯ ಖಾತೆ ಸಾಕು. ಮನೆ ಸಾಲವಿದ್ದರೆ ಆಫ್‌ಸೆಟ್ ಖಾತೆಯಲ್ಲಿಡಿ. ಬಡ್ಡಿಯೂ ತಗ್ಗುತ್ತದೆ, ಬೇಕೆಂದ ದಿನ ತೆಗೆಯಲೂ ಬಹುದು.

ಗುರಿ ಮುಟ್ಟಿದ ಮೇಲೆ ಕೂಡಿಡುವುದನ್ನು ನಿಲ್ಲಿಸಿ. ಭಯದಿಂದ ಕೂಡಿಡುತ್ತಲೇ ಹೋಗಿ, ಹೆತ್ತವರನ್ನು ಒಮ್ಮೆಯೂ ಇಲ್ಲಿಗೆ ಕರೆಸದೆ ಉಳಿದವರಿದ್ದಾರೆ, ಹಾಗಾಗಬೇಡಿ. ಮದುವೆಯಾದವರು ಆ ಖಾತೆಯನ್ನು ಇಬ್ಬರ ಹೆಸರಿನಲ್ಲೂ ತೆರೆಯಿರಿ. ಒಬ್ಬರು ಐಸಿಯುನಲ್ಲಿ ಮಲಗಿದಾಗ ಇನ್ನೊಬ್ಬರು ಯಾರ ಸಹಿಗೂ ಕಾಯದೆ ಹಣ ತೆಗೆಯುವಂತಿರಬೇಕು.