ಯಂತ್ರದೊಡನೆ ಸಂವಾದ: ಲಿಸ್ಪ್ ಭಾಷೆಯ ಪರಿಚಯ

ಭಾಷೆಯೆಂಬುದು ಮನುಷ್ಯರ ನಡುವಣ ವ್ಯವಹಾರಕ್ಕೆ ಮಾತ್ರ ಮೀಸಲಾದುದಲ್ಲ. ಯಂತ್ರಕ್ಕೆ ಆಜ್ಞೆಯಿತ್ತು ಕೆಲಸ ಮಾಡಿಸಲೂ ಇಂದು ಭಾಷೆಗಳುಂಟು. ಅವುಗಳಿಗೂ ಪದ, ವಾಕ್ಯ, ಅನ್ವಯಗಳ ನಿಯಮಗಳಿವೆ. ಆದುದರಿಂದ ವ್ಯಾಕರಣವನ್ನು ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಯು ಗಣಕಶಾಸ್ತ್ರಕ್ಕೆ ಅಂಜಬೇಕಾದುದಿಲ್ಲ. ಲಿಸ್ಪ್ ಭಾಷೆಯೇ ಇದಕ್ಕೆ ನಿದರ್ಶನ.

ಅಮೆರಿಕೆಯ ಜಾನ್ ಮೆಕಾರ್ಥಿಯವರು ೧೯೫೮ರಲ್ಲಿ ಇದನ್ನು ರೂಪಿಸತೊಡಗಿದರು. ಇದರ ಆಜ್ಞೆಗಳು ಆವರಣ ಚಿಹ್ನೆಗಳೊಳಗೆ ಇರುತ್ತವೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬರುವುದಷ್ಟೆ. ಲಿಸ್ಪಿನಲ್ಲಿ ಅದು ಮೊದಲಲ್ಲೇ ನಿಲ್ಲುತ್ತದೆ. ‘ಎರಡಕ್ಕೆ ಮೂರನ್ನು ಕೂಡು’ ಎಂಬುದರ ಕ್ರಮ ಅಲ್ಲಿ (ಕೂಡು ೨ ೩) ಎಂದಾಗುತ್ತದೆ. ಆವರಣದೊಳಗೆ ಮತ್ತೊಂದು ಆವರಣವಿದ್ದರೆ, ಸಮಾಸದೊಳಗಣ ಸಮಾಸವನ್ನು ವಿಗ್ರಹಿಸುವಂತೆ, ಒಳಗಿನದನ್ನು ಮೊದಲು ಬಿಡಿಸಬೇಕು.

ನಕ್ಷೆ ಬರೆಯುವ ಆಟೋಕ್ಯಾಡ್ ಎಂಬ ತಂತ್ರಾಂಶವು ೧೯೮೨ರಲ್ಲಿ ಹೊರಬಂದಿತು. ೧೯೮೬ರಲ್ಲಿ ಅದರ ಒಡಲಿಗೇ ಲಿಸ್ಪಿನ ಚಿಕ್ಕ ರೂಪವೊಂದನ್ನು ಆಟೋಲಿಸ್ಪ್ ಎಂಬ ಹೆಸರಿನಿಂದ ಸೇರಿಸಲಾಯಿತು. ಗೆರೆಯೆಳೆಯುವ ಕೆಲಸ ತಂತ್ರಾಂಶದ್ದು. ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಕೆಲಸ ಲಿಸ್ಪಿನದು. ೧೯೯೨ರ ಹನ್ನೆರಡನೆಯ ಆವೃತ್ತಿಯಲ್ಲಿ, ಬಳಸುವವನನ್ನು ಪ್ರಶ್ನಿಸುವ ಸಂವಾದ ಪೆಟ್ಟಿಗೆಗಳನ್ನು ತೆರೆಯ ಮೇಲೆ ರಚಿಸುವ ಸೌಲಭ್ಯವೂ ಒದಗಿತು.

ಒಂದು ಉದಾಹರಣೆಯನ್ನು ನೋಡೋಣ. ಕಾರವಾರ, ಅಂಕೋಲೆಗಳ ಮಳೆಗೆ ಹಂಚಿನ ಮಾಡು ಇಳಿಜಾರಾಗಿರಲೇಬೇಕು. ಮನೆಯ ಅಗಲ ೬ ಮೀಟರು, ಇಳಿಜಾರು ೩೦ ಡಿಗ್ರಿ ಇರಲಿ. ಪೆಟ್ಟಿಗೆಯಲ್ಲಿ ಇವೆರಡನ್ನು ತುಂಬಲು ಎರಡು ಖಾನೆಗಳು, ಕೆಳಗೆ ಒಂದು ಗುಂಡಿ ಸಾಕು.

ಮೊದಲನೆಯದಾಗಿ, ಪೆಟ್ಟಿಗೆಯ ಆಕಾರವನ್ನು ಪ್ರತ್ಯೇಕ ಕಡತದಲ್ಲಿ ಬರೆದು ಒಂದೊಂದು ಖಾನೆಗೂ ಒಂದೊಂದು ಸಂಜ್ಞೆಯನ್ನಿಡಬೇಕು.

ಎರಡನೆಯದಾಗಿ, ಗುಂಡಿಯನ್ನು ಒತ್ತಿದಾಗ ನಡೆಯಬೇಕಾದ ಆಜ್ಞೆಯನ್ನು ಉದ್ಧರಣ ಚಿಹ್ನೆಗಳೊಳಗೆ ಕಟ್ಟಿಡಬೇಕು. ‘ಮರವನ್ನು ಕಡಿ’ ಎಂದರೆ ಕೊಡಲಿ ಬೇಕು. ‘ಮರ ಎಂಬ ಪದವನ್ನು ಬರೆ’ ಎಂದರೆ ಲೇಖನಿ ಸಾಕು. ನಮ್ಮ ‘ಎಂಬ’ ಮಾಡುವ ಕೆಲಸವನ್ನೇ ಆ ಚಿಹ್ನೆ ಮಾಡುತ್ತದೆ: ಆಜ್ಞೆಯು ಒಡನೆಯೇ ನಡೆಯದೆ, ಗುಂಡಿ ಒತ್ತುವವರೆಗೆ ಬರಿಯ ಶಬ್ದವಾಗಿ ಕಾದಿರುತ್ತದೆ. ಸಂವಾದ ಪೆಟ್ಟಿಗೆಯ ಮರ್ಮವೆಲ್ಲ ಇದರಲ್ಲಿದೆ.

ಮೂರನೆಯದಾಗಿ, ತುಂಬಿದುದನ್ನು ಪೆಟ್ಟಿಗೆ ಮುಚ್ಚುವ ಮೊದಲೇ ಓದಿಕೊಳ್ಳಬೇಕು. ಖಾನೆಯಲ್ಲಿ ಬರೆದ ೬ ಯಂತ್ರಕ್ಕೆ ಅಕ್ಷರವೇ ಹೊರತು ಸಂಖ್ಯೆಯಲ್ಲ. ಅದನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು. ಡಿಗ್ರಿಯನ್ನು ರೇಡಿಯನ್ನಿಗೆ ತರಬೇಕು.

ಕೊನೆಯದಾಗಿ, ಪೆಟ್ಟಿಗೆ ಮುಚ್ಚಿದ ತರುವಾಯವೇ ಗೆರೆ ಎಳೆಯಬೇಕು. ಅದು ತೆರೆದಿರುವಾಗ ನಕ್ಷೆಯ ಆಜ್ಞೆಗಳು ನಡೆಯವು. ಅರ್ಧ ಅಗಲವಾದ ೩ನ್ನು ೩೦ ಡಿಗ್ರಿಯ ಕೊಸೈನಿನಿಂದ ಭಾಗಿಸಿದರೆ ಪಕಾಸಿಯ ಉದ್ದ ಸುಮಾರು ೩.೪೬ ಮೀಟರು, ಮಾಡಿನ ಎತ್ತರ ಸುಮಾರು ೧.೭೩ ಮೀಟರು. ಸೂರಿನ ಚಾಚು ಇದಕ್ಕೆ ಹೊರತು.

ಈ ಲೆಕ್ಕವನ್ನು ಅನುಭವಿಯಾದ ಬಡಗಿ ಬಲ್ಲ. ಆದರೆ ಪೆಟ್ಟಿಗೆಯು ತಾನರಿಯದ ಮಾತಿನಲ್ಲಿ ಪ್ರಶ್ನಿಸಿದರೆ ಅವನು ಹಿಂಜರಿಯುವನು. ಅವನ ವಿದ್ಯೆ ಹೊರಗೇ ಉಳಿಯುವುದು. ಪೆಟ್ಟಿಗೆಯ ಬರಹವೂ ಗಣಿತದ ಭಾಗವೂ ಬೇರೆ ಬೇರೆಯಾಗಿರುವುದರಿಂದ, ಲೆಕ್ಕವನ್ನು ಮುಟ್ಟದೆಯೇ ಪ್ರಶ್ನೆಯ ಮಾತನ್ನು ತಿದ್ದಬಹುದು. ಆ ಮಾತನ್ನು ಆರಿಸಲು ಗಣಿತದಷ್ಟೇ ಭಾಷಾಜ್ಞಾನವೂ ಬೇಕು. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಕಲಿತು, ನಾಡಿನ ಕಸುಬುಗಾರರಿಗೆ ಅರ್ಥವಾಗುವಂತೆ ಯಂತ್ರಕ್ಕೆ ಮಾತು ಕಲಿಸಲಿ.