ದೋಷ ಕಂಡೊಡನೆ ನಿಲ್ಲುವ ತಂತ್ರಾಂಶ

ಬಿಲ್ಲು, ದಾಸ್ತಾನು, ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ವಹಿಸಿರುವ ವರ್ತಕರಿಗೆ ತಂತ್ರಾಂಶವು ಕೆಲಸದ ನಡುವೆ ನಿಂತುಹೋಗುವುದು ಕಿರಿಕಿರಿಯ ಸಂಗತಿಯೇ ಸರಿ. ಆದರೆ ನಿಲ್ಲಬೇಕಾದಲ್ಲಿ ನಿಲ್ಲದ ತಂತ್ರಾಂಶವು ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾಗಬಲ್ಲದು. ಅಮೆರಿಕದ ಷೇರುಪೇಟೆಯ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸಬಹುದು.

ನೈಟ್ ಕ್ಯಾಪಿಟಲ್ ಎಂಬ ಷೇರು ದಲ್ಲಾಳಿ ಸಂಸ್ಥೆಯು ಪೇಟೆಗೆ ಆದೇಶ ರವಾನಿಸುವ ತನ್ನ ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸಹೊರಟಿತು. ಏಳಕ್ಕೆ ಅಳವಡಿಸಿ ಒಂದನ್ನು ಮರೆಯಲಾಯಿತು. 2012ರ ಆಗಸ್ಟ್ 1ರಂದು ಪೇಟೆ ತೆರೆದಾಗ ಆ ಎಂಟನೆಯ ಸರ್ವರಿನಲ್ಲಿ, ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಭಾಗವೊಂದು ಚಾಲನೆಗೊಂಡಿತು. ಆದೇಶ ಪೂರೈಸಿತೆಂಬ ಎಣಿಕೆ ಆ ಭಾಗಕ್ಕೆ ತಲುಪುತ್ತಿರಲಿಲ್ಲ. ಗ್ರಾಹಕರ 212 ಆದೇಶಗಳಿಗಾಗಿ ಅದು ಖರೀದಿ-ಮಾರಾಟಗಳನ್ನು ಮಾಡುತ್ತಲೇ ಹೋಯಿತು. ಸುಮಾರು 45 ನಿಮಿಷಗಳಲ್ಲಿ 154 ಬಗೆಯ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರಿಗೂ ಮಿಗಿಲು. ಗಾಬರಿಗೊಂಡ ಸಿಬ್ಬಂದಿ, ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಹೊಸ ತಂತ್ರಾಂಶವನ್ನು ತೆಗೆದುಹಾಕಿದ್ದರಿಂದ ಹಾನಿ ಇನ್ನಷ್ಟು ಹೆಚ್ಚಿತು. ಮರುವರ್ಷ ಆ ಸಂಸ್ಥೆ ಬೇರೊಂದರೊಡನೆ ವಿಲೀನವಾಯಿತು.

ಕೊಂಡ ಷೇರುಗಳು ಆದೇಶದ ಪ್ರಮಾಣವನ್ನು ಮೀರಿದೊಡನೆ 'ನಿಲ್ಲು' ಎನ್ನುವ ಒಂದು ಪರಿಶೀಲನೆ ಇದ್ದಿದ್ದರೆ ನಷ್ಟ ಅಲ್ಪದಲ್ಲೇ ಮುಗಿಯುತ್ತಿತ್ತು. ಪೇಟೆ ತೆರೆಯುವ ಮೊದಲೇ ದೋಷವನ್ನು ಸೂಚಿಸುವ 97 ಇ-ಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು. ಅವನ್ನು ಎಚ್ಚರಿಕೆಯೆಂದು ಯಾರೂ ಗಣಿಸಲಿಲ್ಲ.

ಸಣ್ಣ ಉದ್ದಿಮೆಯಲ್ಲೂ ಇದೇ ಅಪಾಯವುಂಟು. ದರಪಟ್ಟಿಯ ಕಡತ ಸಿಗದಿದ್ದಾಗ ದರವನ್ನು ಸೊನ್ನೆಯೆಂದು ಹಿಡಿದು ಬಿಲ್ಲು ಮುದ್ರಿಸುತ್ತ ಹೋಗುವ ತಂತ್ರಾಂಶಕ್ಕಿಂತ, ಮೊದಲ ಬಿಲ್ಲಿನಲ್ಲೇ ನಿಲ್ಲುವುದು ಲೇಸು. ಮುದ್ರಣಯಂತ್ರದ ಕಾಗದ ಮುಗಿದರೆ ಮಾತ್ರ ನಿಲ್ಲಬೇಕಿಲ್ಲ, ಕಾದರೆ ಸಾಕು.

ನಿಲ್ಲುವುದಕ್ಕೂ ಕ್ರಮವಿದೆ. ಮಾರಾಟ ದಾಖಲಾಗಿ ದಾಸ್ತಾನಿನಿಂದ ಸರಕು ಕಳೆಯುವ ಮೊದಲೇ ನಿಂತರೆ ಎರಡು ಲೆಕ್ಕಗಳೂ ತಾಳೆಯಾಗವು. ಆದುದರಿಂದ ಅರ್ಧ ನಡೆದ ನಮೂದನ್ನು ಪೂರ್ಣವಾಗಿ ಹಿಂತೆಗೆದು ನಿಲ್ಲಬೇಕು. ನಿಂತ ತಂತ್ರಾಂಶವು ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ: ಸೊನ್ನೆಯೆಂದರೆ ಯಶಸ್ಸು, ಬೇರೆ ಸಂಖ್ಯೆಯೆಂದರೆ ವೈಫಲ್ಯ ಎಂಬುದು ರೂಢಿ. ರಾತ್ರಿ ಲೆಕ್ಕಗಳ ಪ್ರತಿ ತೆಗೆದಿಡುವ ಕೆಲಸವು ಈ ಸಂಖ್ಯೆಯನ್ನು ನೋಡದೆ ಮುಂದುವರಿದರೆ, ಕೆಟ್ಟ ಕಡತವೇ ಒಳ್ಳೆಯ ಪ್ರತಿಯ ಮೇಲೆ ಕುಳಿತುಬಿಡುತ್ತದೆ. ಕೊನೆಯದಾಗಿ ಸರಿಯಾಗಿ ದಾಖಲಾದ ಬಿಲ್ಲಿನ ಸಂಖ್ಯೆಯನ್ನೂ ಬರೆದಿಡುವಂತೆ ತಂತ್ರಾಂಶ ಸಿದ್ಧಪಡಿಸುವವರಿಗೆ ಮೊದಲೇ ತಿಳಿಸಬೇಕು. ಮರುದಿನ ಗುಮಾಸ್ತರು ಅದೇ ಬಿಲ್ಲನ್ನು ಎರಡನೆಯ ಬಾರಿ ನಮೂದಿಸುವುದು ಆಗ ತಪ್ಪುತ್ತದೆ.