ನಾಲಿಗೆಯಡಿಯ ಹನಿಗೆ ಮುಂಚೆ ನಾಲ್ಕು ಮಾತು

ಗಾಂಜಾ ಗಿಡದಿಂದ ತೆಗೆಯುವ ಆ ಸಿಬಿಡಿ ಎಣ್ಣೆ ತರಿಸಿಕೊಳ್ಳಲಾ ತಾತ ಅಂತ ಕೇಳಿದೆಯಲ್ಲ, ಕೇಳಿದ್ದೇ ದೊಡ್ಡ ಗುಣ. ನಿನ್ನ ವಾರಿಗೆಯವರು ತರಿಸಿ, ಅರ್ಧ ಬಾಟಲಿ ಖಾಲಿ ಮಾಡಿ, ಆಮೇಲೆ ಕೇಳುತ್ತಾರೆ. ಆದರೂ ನೀನು ಆರ್ಡರ್ ಬಟನ್ ಮೇಲೆ ಬೆರಳಿಟ್ಟುಕೊಂಡೇ ಕೇಳಿದೆ ಅಂತ ನನಗೆ ಗುಮಾನಿ. ಬೆರಳು ತೆಗೆ. ಮೊದಲು ಹೇಳು, ನಿನಗೆ ಆಗಿರುವುದೇನು?

"ಒಂಥರಾ ಟೆನ್ಷನ್, ನಿದ್ದೆ ಸರಿಯಿಲ್ಲ, ಬೆನ್ನೂ ಸ್ವಲ್ಪ ಹಿಡಿದಿದೆ..." ಇದು ಉತ್ತರವಲ್ಲ ಕಂದ, ಹರಟೆ. ಔಷಧಿ ಅಂಗಡಿಯ ಗಲ್ಲಾದ ಹಿಂದೆ ನಿಂತೇ ನನ್ನ ಆಯುಸ್ಸು ಸವೆಯಿತು. ಕಾಯಿಲೆ ಏನೆಂದು ಹೇಳದೆ ಮದ್ದಿನ ಹೆಸರು ಮಾತ್ರ ಹೇಳುವ ಗಿರಾಕಿಗಳನ್ನು ಬೇಕಾದಷ್ಟು ಕಂಡಿದ್ದೇನೆ. "ಪಕ್ಕದ ಮನೆ ರಾಯರಿಗೆ ಕೊಟ್ಟಿರಲ್ಲ, ಅದನ್ನೇ ಕೊಡಿ." ರಾಯರಿಗೆ ಬಿಪಿ, ಇವರಿಗೆ ಗ್ಯಾಸು! ಈಗ ರಾಯರ ಜಾಗಕ್ಕೆ ಇನ್‌ಸ್ಟಾಗ್ರಾಮ್ ಬಂದಿದೆ, ಅಷ್ಟೇ ವ್ಯತ್ಯಾಸ.

ಒಂದು ಹಾಳೆ ತಗೋ. ಯಾವ ತೊಂದರೆ, ಎಷ್ಟು ದಿನದಿಂದ, ಯಾವಾಗ ಜಾಸ್ತಿ, ಯಾವಾಗ ಕಮ್ಮಿ, ಎಲ್ಲ ಬರಿ. ನಿದ್ದೆ ಬರುವುದಿಲ್ಲ ಅಂತ ಬರೆದರೆ, ಸಂಜೆ ಎಷ್ಟು ಕಾಫಿ ಇಳಿಸಿದೆ, ಫೋನು ಕೈಬಿಟ್ಟದ್ದು ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರಿ. ಸುಳ್ಳು ಬರೆಯಬೇಡ, ಹಾಳೆ ನನಗಲ್ಲ, ನಿನಗೆ. ಬಹುಕಾಲದ ನಿದ್ದೆಗೇಡಿಗೆ ಡಾಕ್ಟರುಗಳು ಮೊದಲು ಹೇಳುವುದು ಮಾತ್ರೆಯಲ್ಲ, ಅಭ್ಯಾಸ ತಿದ್ದುವ ಚಿಕಿತ್ಸೆ. ರಾತ್ರಿ ಯಾವಾಗಲೇ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳು. ಇದಕ್ಕೆ ಕಾಸು ಖರ್ಚಿಲ್ಲ, ಅದಕ್ಕೇ ನಿನಗೆ ರುಚಿಸುವುದಿಲ್ಲ.

ಹಾಗಾದರೆ ಆ ಎಣ್ಣೆಯಲ್ಲಿ ಹುರುಳೇ ಇಲ್ಲವೇ? ಇದೆ. ಎಲ್ಲಿದೆ ಅಂತ ತಿಳಿದಿರಬೇಕು. ಅಮೆರಿಕದ ಔಷಧಿ ಇಲಾಖೆಯಾದ ಎಫ್‌ಡಿಎ 2018ರ ಜೂನ್‌ನಲ್ಲಿ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ದ್ರಾವಣಕ್ಕೆ ಒಪ್ಪಿಗೆ ಕೊಟ್ಟಿತು. ಮಕ್ಕಳನ್ನು ಕಾಡುವ ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ಕೆಟ್ಟ ಬಗೆಯ ಫಿಟ್ಸ್‌ಗೆ ಅದು. 2020ರಲ್ಲಿ ಮೂರನೆಯದೊಂದು ಕಾಯಿಲೆಯ ಫಿಟ್ಸ್ ಸೇರಿತು. ಆತಂಕದ ವಿಷಯಕ್ಕೆ ಬಂದರೆ, 2011ರಲ್ಲಿ ಬ್ರೆಜಿಲ್‌ನಲ್ಲಿ ಜನರೆದುರು ಮಾತಾಡಲು ನಡುಗುವ 24 ಜನರ ಮೇಲೆ ಪರೀಕ್ಷೆ ನಡೆಯಿತು. ಅವರಲ್ಲಿ ಅರ್ಧ ಜನಕ್ಕೆ ಸಿಬಿಡಿ ಕೊಟ್ಟರು, ಅವರ ಹೆದರಿಕೆ ಕಮ್ಮಿಯಾಯಿತು. ಒಳ್ಳೆಯ ಸುದ್ದಿಯೇ. ಆದರೆ ಅವರಿಗೆ ಕೊಟ್ಟದ್ದು ಒಂದೇ ಸಲಕ್ಕೆ 600 ಮಿಲಿಗ್ರಾಂ.

ಈಗ ಲೆಕ್ಕ ಹಾಕು, ಇಂಜಿನಿಯರಿಂಗ್ ಓದಿದ್ದೀಯಲ್ಲ. ನೀನು ತೋರಿಸಿದ ಬಾಟಲಿ 30 ಮಿಲಿ, ಒಳಗೆ 1000 ಮಿಲಿಗ್ರಾಂ ಸಿಬಿಡಿ. ಒಂದು ಮಿಲಿಯ ತುಂಬು ಡ್ರಾಪರ್‌ಗೆ 33 ಮಿಲಿಗ್ರಾಂ ಬಂತು. ಆ ಬ್ರೆಜಿಲ್‌ನವರಷ್ಟು ತೆಗೆದುಕೊಳ್ಳಬೇಕೆಂದರೆ ಒಂದೇ ಏಟಿಗೆ ಅರ್ಧ ಬಾಟಲಿಗಿಂತ ಹೆಚ್ಚು ಬಾಯಿಗೆ ಸುರಿದುಕೊಳ್ಳಬೇಕು. ಫಿಟ್ಸ್ ಔಷಧಿಯ ಲೆಕ್ಕ ದೇಹದ ತೂಕದ ಮೇಲೆ. ಕಿಲೋಗೆ ದಿನಕ್ಕೆ 5 ಮಿಲಿಗ್ರಾಂನಿಂದ ಶುರು. 60 ಕಿಲೋ ತೂಗುವವರಿಗೆ ಮೊದಲ ದಿನವೇ 300 ಆಯಿತು. ಇನ್ನೊಂದು ಕಡೆ, ಬ್ರಿಟನ್ನಿನ ಆಹಾರ ಇಲಾಖೆ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದು ಕೇಳು: ಡಾಕ್ಟರ ಸಲಹೆಯಿಲ್ಲದೆ ತೆಗೆದುಕೊಳ್ಳುವ ಆರೋಗ್ಯವಂತರು ದಿನಕ್ಕೆ 10 ಮಿಲಿಗ್ರಾಂ ದಾಟಬಾರದು. ಅದಕ್ಕೆ ಮೊದಲು 70 ಅಂದಿದ್ದರು. ಗುಣ ಕಂಡದ್ದು ನೂರಾರು ಮಿಲಿಗ್ರಾಂನಲ್ಲಿ, ಸ್ವಂತ ಧೈರ್ಯದ ಮೇಲೆ ತೆಗೆದುಕೊಳ್ಳಬಹುದಾದದ್ದು ಹತ್ತು. ನಿನ್ನ ಡ್ರಾಪರ್ ನಡುವೆ ನಿಂತಿದೆ, ಆ ದಡಕ್ಕೂ ಇಲ್ಲ, ಈ ದಡಕ್ಕೂ ಇಲ್ಲ. ಬಾಟಲಿ ಮಾರುವವರು ಇದನ್ನು ನಿನಗೆ ಹೇಳುವುದಿಲ್ಲ.

ಬಾಟಲಿಯಲ್ಲಿ ಬರೆದಷ್ಟು ಒಳಗಿರುತ್ತದೆ ಅಂತಲೂ ನಂಬಬೇಡ. ಅಮೆರಿಕದಲ್ಲಿ ಆನ್‌ಲೈನ್ ಕೊಂಡ 84 ಸಿಬಿಡಿ ಸರಕುಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಬರೆದಷ್ಟೇ ಇದ್ದದ್ದು 26ರಲ್ಲಿ. 18ರಲ್ಲಿ ಟಿಎಚ್‌ಸಿ ಸಿಕ್ಕಿತು, ಅಂದರೆ ಅಮಲೇರಿಸುವ ಅಂಶ. ಆದ್ದರಿಂದ ಲ್ಯಾಬ್ ರಿಪೋರ್ಟ್ ಕೇಳು. ರಿಪೋರ್ಟಿನ ಬ್ಯಾಚ್ ನಂಬರ್, ನಿನ್ನ ಬಾಟಲಿಯ ಬ್ಯಾಚ್ ನಂಬರ್ ಒಂದೇನಾ ನೋಡು. ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಗೇ ಕೈಮುಗಿ.

ನಮ್ಮ ದೇಶದ ಕಥೆಯೂ ಗೊತ್ತಿರಲಿ. 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾನೂನು ಗಾಂಜಾ ಹೂತೆನೆಯನ್ನೂ ಚರಸ್ಸನ್ನೂ ಹಿಡಿದು ಕಟ್ಟಿತು, ತೆನೆ ಸೇರದ ಬರೀ ಎಲೆಯನ್ನು ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿತು. ನಮ್ಮ ಹಿರಿಯರು ಭಂಗಿ ಸೊಪ್ಪು ಅನ್ನುತ್ತಿದ್ದ ಆ ಎಲೆಯೇ ಆಯುರ್ವೇದದಲ್ಲಿ ವಿಜಯಾ. ಅದರ ಸಾರವನ್ನೇ ಆಯುಷ್ ಲೈಸೆನ್ಸಿನ ಮೇಲೆ ಬಾಟಲಿಗೆ ತುಂಬಿ ಮಾರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ, ಅದೇ ಗಿಡಕ್ಕೆ ಡ್ರಾಪರ್ ಸಿಕ್ಕಿಸಿದರೆ ನಿಮಗೆ ಅಮೃತ! ಔಷಧಿ ನಿಯಮಗಳು ಈ ಎಲೆಯನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಅನ್ನುತ್ತವೆ. ಎಲೆಯ ಸಾರದಲ್ಲಿ ಟಿಎಚ್‌ಸಿಯೂ ಇರಬಹುದು. ಹಾಕಿಕೊಂಡು ಬೈಕ್ ಹತ್ತಬೇಡ. ದುಬೈ, ಸಿಂಗಪುರದ ವಿಮಾನಕ್ಕೆ ಬಾಟಲಿ ಬ್ಯಾಗಿನಲ್ಲಿಟ್ಟುಕೊಂಡು ಹೋಗುವ ಸಾಹಸವಂತೂ ಬೇಡವೇ ಬೇಡ, ಅಲ್ಲಿನ ಕಾನೂನು ಬಲು ಬಿಗಿ.

ಅಗ್ಗವಾಗಿ ಸಿಕ್ಕಿತು ಅಂತ ಇದೇ ಜಾತಿಯ ಗಿಡದ ಬೀಜದ ಎಣ್ಣೆ, ಅಂದರೆ ಹೆಂಪ್ ಬೀಜದ ಎಣ್ಣೆ ತಂದು ಮೋಸವೂ ಹೋಗಬೇಡ. ಅದು ಆಹಾರ. 2021ರಲ್ಲಿ ನಮ್ಮ ಆಹಾರ ಇಲಾಖೆಯಾದ ಎಫ್‌ಎಸ್‌ಎಸ್‌ಎಐ ಅದಕ್ಕೆ ಒಪ್ಪಿಗೆ ಕೊಟ್ಟಾಗ ಕಿಲೋಗೆ 75 ಮಿಲಿಗ್ರಾಂಗಿಂತ ಹೆಚ್ಚು ಸಿಬಿಡಿ ಇರಕೂಡದು ಅಂತ ಮಿತಿ ಹಾಕಿತು. 30 ಮಿಲಿಯಲ್ಲಿ ಎರಡು ಮಿಲಿಗ್ರಾಂ ಇದ್ದರೆ ಹೆಚ್ಚು. ಚಟ್ನಿಪುಡಿಗೆ ಕಲಸಿಕೊಂಡು ತಿನ್ನು, ನಿದ್ದೆಗೆ ಕಾಯಬೇಡ.

ಅಂಗಡಿಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುತ್ತಿದ್ದವರು ಬಚ್ಚಿಡುವ ಗಿರಾಕಿಗಳು. ಆಯುರ್ವೇದದವರಿಗೆ ಇಂಗ್ಲಿಷ್ ಮಾತ್ರೆಯ ಸುದ್ದಿ ಹೇಳುವುದಿಲ್ಲ, ಇಂಗ್ಲಿಷ್ ಡಾಕ್ಟರಿಗೆ ಲೇಹ್ಯದ ಸುದ್ದಿ ಹೇಳುವುದಿಲ್ಲ. ಬೈಯುತ್ತಾರೆ ಅಂತ ಅಂಜಿಕೆ. ಬೈಗುಳ ತಿಂದರೆ ಯಾರೂ ಸಾಯುವುದಿಲ್ಲ. ಸಿಬಿಡಿಯನ್ನು ಕರಗಿಸುವುದು ಪಿತ್ತಜನಕಾಂಗ, ಇನ್ನೂ ಹತ್ತಾರು ಮಾತ್ರೆಗಳನ್ನು ಕರಗಿಸುವುದೂ ಅದೇ. ರಕ್ತ ತೆಳುವಾಗಿಸುವ ವಾರ್ಫರಿನ್, ಕೆಲವು ಫಿಟ್ಸ್ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಇದು ಸೇರಿದರೆ ಅವುಗಳ ಮಟ್ಟ ರಕ್ತದಲ್ಲಿ ಏರಬಹುದು. ನಿದ್ದೆ ಮಾತ್ರೆ, ಮದ್ಯದ ಜೊತೆ ಮಂಪರು ಹೆಚ್ಚುತ್ತದೆ. ಲಿವರ್ ಕೆಟ್ಟವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಸುರಿ ಬಾಣಂತಿಯರು ಇದರ ತಂಟೆಗೇ ಹೋಗಬಾರದು. ಈಗಾಗಲೇ ನುಂಗುತ್ತಿರುವ ಮಾತ್ರೆಯನ್ನು ಈ ಎಣ್ಣೆ ನಂಬಿ ನಿಲ್ಲಿಸುವುದಂತೂ ಶುದ್ಧ ಹುಚ್ಚುತನ.

ಈ ಎಣ್ಣೆಗೆ ಫೋನಿನಲ್ಲೇ ನಾಲ್ಕು ಮಾತಾಡಿ ಡಾಕ್ಟರ ಚೀಟಿ ಬರೆದುಕೊಡುವ ಏರ್ಪಾಡು ಈಗ ಇದೆ. ಕಾನೂನಿಗೆ ಅದು ಸಾಲಬಹುದು, ನಿನಗೆ ಸಾಲದು. ನಿನ್ನ ಕಾಯಿಲೆ ಕಸಾಲೆ ಬಲ್ಲ ಡಾಕ್ಟರ ಮುಂದೆ ಕೂತು, ಆ ಹಾಳೆ, ನುಂಗುವ ಮಾತ್ರೆಗಳ ಪಟ್ಟಿ, ಬಾಟಲಿಯ ಫೋಟೊ ಮೂರನ್ನೂ ತೋರಿಸು.

ಅವರು ಹೂಂ ಅಂದರೆ ಆತುರಕ್ಕೆ ಲಗಾಮು ಹಾಕು. ಎರಡು ದಿನ ಹಾಕಿಕೊಂಡು "ಏನೂ ಆಗಲಿಲ್ಲ" ಅಂತ ಮೂರನೇ ದಿನ ದುಪ್ಪಟ್ಟು ಮಾಡುವವರ ಪೈಕಿ ನೀನು. ಅವರು ಹೇಳಿದಷ್ಟೇ ಹಾಕಿಕೋ. ದಿನಾ ಒಂದೇ ಹೊತ್ತು, ಒಂದೇ ಥರದ ಊಟದ ಜೊತೆ. ಜಿಡ್ಡಿನ ಊಟದ ಮೇಲೆ ಇದು ನಾಲ್ಕೈದು ಪಟ್ಟು ಹೆಚ್ಚು ಮೈಗೆ ಹತ್ತುತ್ತದೆ. ನಿನ್ನೆ ಖಾಲಿ ಹೊಟ್ಟೆಗೆ, ಇವತ್ತು ತುಪ್ಪ ಸುರಿದ ಹೋಳಿಗೆಯ ಮೇಲೆ ಅಂದರೆ ಲೆಕ್ಕವೇ ತಪ್ಪಿತು. ಅದೇ ವಾರ ಯೋಗ, ಹೊಸ ಹಾಸಿಗೆ, ಕಾಫಿ ಬಿಡುವುದು ಎಲ್ಲ ಒಟ್ಟಿಗೆ ಶುರು ಮಾಡಬೇಡ, ಗುಣ ಯಾವುದರದು ಅಂತ ಗೊತ್ತಾಗುವುದಿಲ್ಲ. ಭೇದಿ, ಹಸಿವು ಕಮ್ಮಿ, ತೂಕಡಿಕೆ ಕಂಡರೆ ಡಾಕ್ಟರಿಗೆ ತಿಳಿಸು. ಮೂರು ಬಾಟಲಿಗೆ ಒಂದು ಫ್ರೀ ಅಂತ ಕಂಡರೂ ಒಂದನ್ನೇ ಕೊಳ್ಳು. ಅದು ಮುಗಿಯುವ ಹೊತ್ತಿಗೆ ಹಾಳೆಯಲ್ಲಿ ಬರೆದದ್ದು ಬದಲಾಗದಿದ್ದರೆ ಎರಡನೆಯದು ಬೇಡ. ದುಡ್ಡು ಕೊಟ್ಟಿದ್ದೇನೆ ಅಂತ ಮನಸ್ಸು ಗುಣವನ್ನು ಹುಡುಕಿ ಹುಡುಕಿ ತೋರಿಸುತ್ತದೆ, ಅದರ ಮಾತು ಕೇಳಬೇಡ.

ಬೇಡ ಅಂತ ತೀರ್ಮಾನಿಸಿದರೆ ಗೆಳೆಯರೆದುರು ನಾಚಿಕೆ ಪಡಬೇಡ. ಬೇಕು ಅಂತ ತೀರ್ಮಾನಿಸಿದರೆ ಮನೆಯವರಿಂದ ಮುಚ್ಚಿಡಬೇಡ. ಅಜ್ಜಿಯ ಮಂಡಿನೋವಿಗೆ ನಾಲ್ಕು ಹನಿ ಹಾಕುವ ಉದಾರತೆ ಮಾತ್ರ ತೋರಿಸೀಯೆ ಜೋಕೆ. ಅವಳು ನುಂಗುವ ಮಾತ್ರೆಗಳ ಪಟ್ಟಿ ನಿನ್ನದಕ್ಕಿಂತ ಉದ್ದ ಇದೆ.